ನಂಗಲಿಯಲ್ಲಿ ನಾನಾಡಿದ ಮಾತು

ಯಲ್ದೂರು
೧೮ ಏಪ್ರಿಲ್ ೨೦೦೫, ಸೋಮವಾರ

ಪ್ರೀತಿಯ ತಮ್ಮ ಶಂಕರನಿಗೆ,

ಹೇಗಿದ್ದೀಯೋ? ಕೆಮ್ಮು ನಿಂತಿತೇ? ಹಿಮದಲ್ಲಿ ಕಾವಲು ನಿಲ್ಲುವವನಿಗೆ ಕಷಾಯ ಕುಡಿ ಎಂದರೆ ನಗುತ್ತೀಯ, ನಗು. ಡಾಕ್ಟರ್ ಅಕ್ಕ ಇರುವುದೇ ನಿನಗೆ ನಗುವುದಕ್ಕೆ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿದೆ. ನಿನ್ನ ಹೆಂಡತಿ ಸುಗುಣ ಕ್ಷೇಮ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಲಾರದ ಆಸ್ಪತ್ರೆಯಲ್ಲಿದ್ದಾಳೆ, ಹೆರಿಗೆಯಾಗುವವರೆಗೂ ಅಲ್ಲೇ ಇರುತ್ತಾಳೆ. ಗಾಬರಿ ಬೀಳದೆ ಪೂರ್ತಿ ಓದು. ಅರ್ಧ ಓದಿ ಕುಣಿಯುವುದು ನಿನ್ನ ಹಳೇ ಚಾಳಿ.

ಸಂಕ್ರಾಂತಿ ಕಳೆದ ಮೇಲೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನಮ್ಮಂಥ ಸರ್ಕಾರಿ ಡಾಕ್ಟರುಗಳನ್ನೆಲ್ಲ ಕೋಲಾರಕ್ಕೆ ಕರೆಸಿ, ಕೈಯಲ್ಲಿ ಹೊತ್ತೊಯ್ಯಬಹುದಾದ ಸ್ಕ್ಯಾನಿಂಗ್ ಮೆಷಿನ್ ಬಳಸುವುದನ್ನು ಕಲಿಸಿದರು. ಊಟದ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ಮೊದಮೊದಲು ಪರದೆಯ ಮೇಲೆ ನನಗೆ ಕಂಡದ್ದು ಬರೀ ಬೂದಿ. ಒಂದು ದಿನ ಆ ಬೂದಿಯ ನಡುವೆ ಪುಟ್ಟ ಗುಂಡಿಗೆ ಪಟಪಟ ಹೊಡೆದುಕೊಳ್ಳುವುದು ಕಂಡಾಗ ಅಯ್ಯೋ ಎಂದು ಕೂಗಿಯೇಬಿಟ್ಟೆ ಕಣೋ. ಕಲಿಸುತ್ತಿದ್ದ ಮೇಡಂ ಗದರಿದರು. ಗಂಡೋ ಹೆಣ್ಣೋ ಎಂದು ಯಾರಿಗೂ ಹೇಳುವಂತಿಲ್ಲ, ಅದು ಕಾನೂನು. ಬಾಯಲ್ಲಿ ಹೇಳದಿದ್ದರೂ ಜನ ಡಾಕ್ಟರ ಮುಖ ಓದುತ್ತಾರೆ, ಆದ್ದರಿಂದ ಪರದೆ ನಿಮ್ಮ ಕಡೆಗಿರಲಿ, ನಗಲೂಬೇಡಿ, ಮುಖ ಗಂಟು ಹಾಕಲೂಬೇಡಿ ಎಂದರು. ನಾನು ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅದನ್ನೂ ಅಭ್ಯಾಸ ಮಾಡಿದೆ, ನಿನ್ನಾಣೆ. ಆದರೆ ಕಂಡದ್ದನ್ನು ಮನೆಯವರಿಗೆ ತಿಳಿಯುವ ಹಾಗೆ ಹೇಳುವುದು ಹೇಗೆ ಎಂಬುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ನಾನೂ ಕೇಳಲಿಲ್ಲ.

ಸುಗುಣಳಿಗೆ ಬಳೆ ತೊಡಿಸುವ ಮುಂಚೆ ನಮ್ಮ ಆಸ್ಪತ್ರೆಯಲ್ಲೇ ಸ್ಕ್ಯಾನ್ ಮಾಡಿದೆ. ಅಮ್ಮ ಒಂದು ಕಡೆ, ನಂಗಲಿಯಿಂದ ಬಂದಿದ್ದ ನಿಮ್ಮತ್ತೆ ಮುನಿಗಂಗಮ್ಮ ಇನ್ನೊಂದು ಕಡೆ. ಮಗು ಚೆನ್ನಾಗಿತ್ತು. ಮಗುವಿಗೆ ರಕ್ತ ಉಣಿಸುವ ಮಾಸು ಮಾತ್ರ ಕೆಳಗಿಳಿದು ಗರ್ಭಕೋಶದ ಬಾಯಿಗೇ ಅಡ್ಡ ಕೂತಿತ್ತು. ಅಂಥವರಿಗೆ ಯಾವಾಗ ಬೇಕಾದರೂ ರಕ್ತ ಹೋಗಬಹುದು, ಮನೆಯಲ್ಲಿ ಹೆರಿಗೆ ಮಾಡಿಸಿದರೆ ತಾಯಿ ಉಳಿಯುವುದೇ ಕಷ್ಟ. ನಾನು ಕಲಿತ ಮುಖವನ್ನೇ ಇಟ್ಟುಕೊಂಡು, ಪರದೆ ನನ್ನ ಕಡೆ ತಿರುಗಿಸಿಕೊಂಡು, ಇವಳನ್ನು ಕೋಲಾರಕ್ಕೆ ಸೇರಿಸಬೇಕು, ಮಾಸು ಕೆಳಗಿದೆ ಎಂದೆ. ಮಾಸಿನ ಮಾತು ಇಬ್ಬರ ಕಿವಿಗೂ ಬೀಳಲಿಲ್ಲ, ಇಬ್ಬರೂ ನನ್ನ ಮುಖವನ್ನೇ ಓದುತ್ತಿದ್ದರು. ಅಮ್ಮ ಹೊರಗೆ ಬಂದವಳೇ ಸೆರಗು ಕೊಡವಿ, "ಹೋಗ್ಲಿ ಬಿಡಮ್ಮ, ದೇವ್ರು ಕೊಟ್ಟಿದ್ದು" ಎಂದಳು. ಅಷ್ಟು ಸಾಕಾಯಿತು. ಹೆಣ್ಣು ಎಂದು ಮುನಿಗಂಗಮ್ಮನವರು ತೀರ್ಮಾನಿಸಿಬಿಟ್ಟರು. ಅವರ ಬೀದಿಯಲ್ಲಿ ಒಬ್ಬ ಸೊಸೆಯನ್ನು ಹೀಗೇ ಸ್ಕ್ಯಾನ್ ಮಾಡಿಸಿ, ಆಮೇಲೆ ಕೋಲಾರಕ್ಕೆ ಕರೆದುಕೊಂಡು ಹೋಗಿ, ಹೆಣ್ಣೆಂದು ತೆಗೆಸಿ, ಬರಿಗೈಯಲ್ಲಿ ಕರೆತಂದಿದ್ದರಂತೆ. ನಾನು ಹೇಳಿದ ಕೋಲಾರ ಅವರಿಗೆ ಆ ಕೋಲಾರವಾಗಿ ಕೇಳಿಸಿತು. ಬಳೆ ತೊಡಿಸಿದ ದಿನವೇ ಮಗಳನ್ನು ನಂಗಲಿಗೆ ಕರೆದುಕೊಂಡು ಹೋದರು. ಮುಂದಿನ ವಾರ ಕಳಿಸುತ್ತೇವೆ ಎಂದವರು ಕಳಿಸಲೇ ಇಲ್ಲ.

ಯುಗಾದಿ ಮುಗಿದ ಮೇಲೆ ಸುಗುಣ ಹೆದ್ದಾರಿ ಪಕ್ಕದ ಟೀ ಅಂಗಡಿಯಿಂದ ಗುಟ್ಟಾಗಿ ಫೋನ್ ಮಾಡಿದಳು. "ಅತ್ಗೆ, ಸ್ವಲ್ಪ ರಕ್ತ ಹೋಗ್ತೈತೆ, ನೋವೇನಿಲ್ಲ" ಎಂದಳು. ನೋವಿಲ್ಲದೆ ರಕ್ತ ಹೋಗುವುದೇ ಮಾಸು ಅಡ್ಡ ಕೂತದ್ದರ ಗುರುತು. ತಕ್ಷಣ ಬರ್ತೀನಿ ಎಂದೆ. ಆಗ ಅವಳು ಕೇಳಿದ್ದನ್ನು ನಿನಗೆ ಬರೆಯಲು ಕೈ ಬರುತ್ತಿಲ್ಲ. "ಅತ್ಗೆ, ನಿಜ ಹೇಳಿ, ತೆಗೆಸಿಬಿಡ್ತೀರಾ?" ಎಂದಳು ಕಣೋ. ನಮ್ಮ ಮನೆಯಲ್ಲಿ ಉಂಡು, ನನ್ನ ಮಂಚದಲ್ಲಿ ಮಲಗಿ, ನನ್ನ ಹತ್ತಿರ ತಲೆ ಬಾಚಿಸಿಕೊಂಡ ಹುಡುಗಿ!

ಜೀಪು ಮಾಡಿಕೊಂಡು ಹೋದರೆ ನಿಮ್ಮ ಗಂಗುಲಪ್ಪ ಮಾವ ಬಾಗಿಲಿಗೆ ಅಡ್ಡ ನಿಂತಿದ್ದರು. ಸುಗುಣ ಊರಲ್ಲೇ ಇಲ್ಲ ಎಂದರು. ಒಳಗೆ ಅವಳ ಕೆಮ್ಮು ಕೇಳುತ್ತಿತ್ತು. ನಾನು ಮಾಸಿನ ವಿಷಯ ಬಿಡಿಸಿ ಹೇಳಿದೆ, ಕಾಗದದ ಮೇಲೆ ಚಿತ್ರ ಬರೆದೆ, ಬೈದೆ, ಕೈ ಮುಗಿದೆ. ಮುನಿಗಂಗಮ್ಮನವರು ಅಳುತ್ತಾ, "ಆಡಪಿಲ್ಲ ಅಯಿನಾ ಮಾಕು ಕಾವಾಲಮ್ಮಾ" ಎಂದರು. ಹೆಣ್ಣಾದರೂ ನಮಗೆ ಬೇಕು, ನೀವು ಸಾಕದಿದ್ದರೆ ನಾವು ಸಾಕುತ್ತೇವೆ ಎಂದರು. ಇಂಥವರ ಮೇಲೆ ಹೇಗೆ ಸಿಟ್ಟು ಮಾಡಲಿ ಹೇಳು? ಮೊಮ್ಮಗಳನ್ನು ಉಳಿಸಿಕೊಳ್ಳಲು ಹೋಗಿ ಮಗಳನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಅಷ್ಟರಲ್ಲಿ ಸುಗುಣ ಗೋಡೆ ಹಿಡಿದುಕೊಂಡು ಆಚೆ ಬಂದಳು, ಸೀರೆ ರಕ್ತದಲ್ಲಿ ಒದ್ದೆಯಾಗಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ. "ಗಂಡು ಮಗು ಕಣ್ರೀ, ಗಂಡು! ಅದನ್ನ ಯಾರಾದ್ರೂ ತೆಗೆಸ್ತಾರಾ?" ಎಂದು ಕಿರುಚಿದೆ. ಮಾವ ತಾವೇ ಮಗಳನ್ನು ಎತ್ತಿಕೊಂಡು ಜೀಪಿಗೆ ತಂದರು.

ಕೋಲಾರದಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ರಕ್ತ ಹೋಗುವುದು ನಿಂತಿದೆ, ಮಗು ಆಡುತ್ತಿದೆ. ಸಮಯ ನೋಡಿಕೊಂಡು ಆಪರೇಷನ್ ಮಾಡುತ್ತಾರೆ. ಇಷ್ಟಾದ ಮೇಲೆ ನಾನು ಸಂತೋಷವಾಗಿರಬೇಕಿತ್ತು. ಆದರೆ ನಂಗಲಿಯ ಬೀದಿಯಲ್ಲಿ ಕಿರುಚಿದ ಮಾತು ನನಗಿಂತ ಮುಂಚೆ ಯಲ್ದೂರಿಗೆ ಬಂದು ಸೇರಿತ್ತು. ಡಾಕ್ಟರಮ್ಮ ಸ್ವಂತದವರಿಗೆ ಹೇಳುತ್ತಾರೆ, ನಮಗೆ ಯಾಕೆ ಹೇಳಬಾರದು ಎಂದು ದಿನಾ ಬಾಗಿಲಿಗೆ ಬರುತ್ತಿದ್ದಾರೆ. ನಾನು ಸುಮ್ಮನಿದ್ದರೆ ಹೆಣ್ಣು ಎಂದು ತಿಳಿದು ಬಿಳಿಚಿಕೊಂಡು ಹೋಗುತ್ತಾರೆ, ಆಮೇಲೆ ಅವರು ಎಲ್ಲಿಗೆ ಹೋಗುತ್ತಾರೋ ಎಂದು ನನಗೆ ನಿದ್ದೆ ಇಲ್ಲ. ನಡೆದದ್ದನ್ನು ಮೇಲಿನವರಿಗೆ ಹೇಳಿ ಮೊನ್ನೆ ಮೆಷಿನ್ ವಾಪಸ್ ಕೊಟ್ಟುಬಿಟ್ಟೆ. ಅಷ್ಟು ಆಸೆಪಟ್ಟು ಕಲಿತದ್ದು ಕಣೋ. ಈ ಹೋಬಳಿಯಲ್ಲಿ ಇನ್ನೊಬ್ಬಳಿಗೆ ಮಾಸು ಅಡ್ಡ ಕೂತಿದ್ದರೆ ಈಗ ನೋಡುವವರು ಯಾರು? ಆ ದಿನ ಪರದೆಯನ್ನು ಪಕ್ಕಕ್ಕಿಟ್ಟು, ಇಬ್ಬರನ್ನೂ ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಅನ್ನ ಕಲಸುವಾಗಲೂ ಅನ್ನಿಸುತ್ತದೆ.

ಮೈ ಬೆಚ್ಚಗಿಟ್ಟುಕೋ. ಹೊತ್ತಿಗೆ ಸರಿಯಾಗಿ ತಿನ್ನು. ಅಮ್ಮನ ಆಶೀರ್ವಾದ ನಿನ್ನ ಮೇಲಿದೆ, ನನ್ನದೂ ಇದೆ, ಸ್ವಲ್ಪ ಬೈಗುಳ ಸೇರಿದ್ದು.

ನಿನ್ನ
ಶೋಭಕ್ಕ

ತಾ.ಕ.: ಅಂಚೆಯವನು ಕಾಯುತ್ತಿದ್ದಾನೆ, ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಶಂಕರ, ಮಗು ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ನಾನು ನೋಡಿದ್ದು ತಲೆ, ಗುಂಡಿಗೆ, ಮಾಸು. ಅಲ್ಲಿ ಮಾತ್ರ ನೋಡಲೇ ಇಲ್ಲ. ನಂಗಲಿಯಲ್ಲಿ ಸುಳ್ಳು ಹೇಳಿದೆ. ಇಲ್ಲಿ ಅಮ್ಮ ನಿಜವೆಂದೇ ನಂಬಿ, ಅಪ್ಪನೇ ಹುಟ್ಟಿ ಬರ್ತಿದ್ದಾರೆ ಎಂದು ಈಗಲೇ ಮಗುವನ್ನು ದೊಡ್ಡವೆಂಕಟಪ್ಪ ಎಂದು ಕರೆಯುತ್ತಿದ್ದಾಳೆ, ನಾನಿನ್ನೂ ಅವಳಿಗೆ ನಿಜ ಹೇಳಿಲ್ಲ. ನಾಳೆ ಹೆಣ್ಣು ಹುಟ್ಟಿದರೆ, ಬರಲಿಲ್ಲವಲ್ಲ ಆ ಗಂಡು ಎಂದು ಅವಳನ್ನು ಎಲ್ಲರೂ ನೋಡಬಾರದು. ಇದು ಕೈಗೆ ಸಿಕ್ಕ ದಿನವೇ ನೀನು ಅಮ್ಮನಿಗೂ ಸುಗುಣಳಿಗೂ ಬೇರೆ ಬೇರೆ ಕಾಗದ ಬರಿ. ನನಗೆ ಹೆಣ್ಣು ಮಗು ಬೇಕು ಅಂತ ಬರಿ. ನಿನಗೆ ಗಂಡೇ ಬೇಕಿದ್ದರೂ ಬರಿ ಕಣೋ.