ಶನಿವಾರದ ಪಾಳಿ

ಕೋಡಿಬಾಗ, ಕಾರವಾರ
೧೪ ಡಿಸೆಂಬರ್ ೨೦೨೫, ರವಿವಾರ

ನನ್ನ ದಮಾ,

ನೀನು ಫೋನ್ ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀಯೇನೋ ಎಂದು ಬರೆಯುತ್ತಿದ್ದೇನೆ. ಮಂಜಗುಣಿಯಲ್ಲಿ ಎಲ್ಲ ಆರಾಮೇ? ನಿನ್ನ ಗಂಡ ಸೋಮು ಈ ಸಲ ಗದ್ದೆಗೆ ಶೇಂಗಾ ಹಾಕಿದನೇ? ಲ್ಯಾಬಿನಲ್ಲಿ ನಿನ್ನ ಜಾಗಕ್ಕೆ ಪ್ರೇಕ್ಷಾ ಅಂತ ಹುಡುಗಿ ಬಂದಿದ್ದಾಳೆ. ನಿನ್ನ ಬಿಳಿ ಕೋಟನ್ನು ಅವಳಿಗೆ ಕೊಡಲು ಹೊರಟರು. ನಾನು ಕೊಡಗೊಡಲಿಲ್ಲ.

ಹೇಳಬೇಕಾದದ್ದು ಇದಲ್ಲ. ಎರಡು ಹಾಳೆ ಹರಿದು ಹಾಕಿ ಇದು ಮೂರನೆಯದು.

ಎರಡೂವರೆ ವರ್ಷದ ಹಿಂದೆ ನಮ್ಮ ಮೀನಿನ ಕಂಪನಿಯವರು ಲ್ಯಾಬಿನಿಂದ ಒಬ್ಬರಿಗೆ ಎಂ.ಎಸ್ಸಿ. ಓದಿಸುತ್ತೇವೆ ಎಂದರಲ್ಲ, ಆಗಿನ ಮಾತು. ಕೆಲಸ ಬಿಡಬೇಕಾಗಿಲ್ಲ, ಫೀ ಕಂಪನಿಯದು, ಪಾಠಕ್ಕೆಂದು ಪ್ರತಿ ಶನಿವಾರ ಪಗಾರದ ರಜೆ. ಮುಗಿದ ಮೇಲೆ ಮೂರು ವರ್ಷ ಬಿಟ್ಟು ಹೋಗಬಾರದು, ಅಷ್ಟೇ. ಅರ್ಜಿ ಹಾಕಿದವರು ನಾವಿಬ್ಬರೇ. ಮಾರ್ಕು ನಿನ್ನದು ಹೆಚ್ಚು, ಸರ್ವಿಸೂ ನಿನ್ನದೇ ಹೆಚ್ಚು. ನಿನಗೇ ಸಿಗುತ್ತದೆ ಎಂದು ಐಸ್ ಒಡೆಯುವ ಹುಲಿಯಾನಿಗೂ ಗೊತ್ತಿತ್ತು.

ಅದೇ ವಾರ ಬೇಲೆಕೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನೀನು ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ್ವೇ, ಎರಡು ತಿಂಗ್ಳಾತು" ಅಂದೆ. ಎಂಟು ವರ್ಷ ಕಾದ ಮಗು. ನನಗೆ ಅಳುವೇ ಬಂತು. ಅದು ಸುಳ್ಳಲ್ಲ ದಮಾ, ಖರೆಯಾಗಿಯೂ ಸಂತೋಷಕ್ಕೇ ಅತ್ತೆ.

ಮೂರು ದಿನದ ಮೇಲೆ ಚಹಾದ ಹೊತ್ತಿಗೆ, ಹೆಸರು ಆರಿಸಬೇಕಾಗಿದ್ದ ಮಾಬ್ಲೇಶ್ವರ ಸರ್ ಕೇಳಿದರು. "ದಮಯಂತಿ ಎಂತಕೆ ರಜೆ ಮೇಲೆ ರಜೆ ಹಾಕ್ತದೆ?" ನಾನು ಹೇಳಿದೆ. "ಅವ್ಳಿಗೆ ಎರಡು ತಿಂಗ್ಳು ಸರ್. ಇನ್ನು ಓದೂದು, ಪರೀಕ್ಷೆಗೆ ಹೋಗೂದು ಎಲ್ಲ ಕಷ್ಟವೇಯ."

ಬಾಯಿ ತಪ್ಪಿ ಬಂತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ತಪ್ಪಿ ಬಂದದ್ದಲ್ಲ. ಚಹಾದ ಲೋಟ ಕೆಳಗಿಟ್ಟು, ಆಚೀಚೆ ಯಾರಿಲ್ಲ ಎಂದು ನೋಡಿಕೊಂಡು ಹೇಳಿದ್ದು.

ಪಟ್ಟಿಯಲ್ಲಿ ನನ್ನ ಹೆಸರು ಬಂತು. ನೀನು ಓಡಿ ಬಂದು ತಬ್ಬಿಕೊಂಡೆ. "ನಿಂಗೆ ಬಂದ್ರೆ ನಂಗೇ ಬಂದಂಗಲ್ವೇ" ಅಂದೆ.

ನಾಲ್ಕನೆಯ ತಿಂಗಳಲ್ಲಿ ಮಗು ಹೋಯಿತು. ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ನಾನು ಅಂಕೋಲೆಯ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತೆ. ನೀನು ಗೋಡೆ ಕಡೆ ತಿರುಗಿ ಮಲಗಿದ್ದವಳು ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು. "ಕ್ಲಾಸ್ ಚಾಲೂ ಆತೇನೇ?"

ಹದಿನೈದು ದಿನಕ್ಕೆ ನೀನು ಕೆಲಸಕ್ಕೆ ಮರಳಿದೆ. ಶನಿವಾರದ ನನ್ನ ಪಾಳಿಯನ್ನೂ ನೀನೇ ಕೇಳಿ ತೆಗೆದುಕೊಂಡೆ. ನಾನು ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಪಾಠ ಕೇಳುವಾಗ ನೀನು ಕೋಲ್ಡ್ ಸ್ಟೋರೇಜಿನಲ್ಲಿ ಇಬ್ಬರ ಕೆಲಸ ಮಾಡುತ್ತಿದ್ದೆ. ಎರಡು ವರ್ಷ. ನನ್ನ ಪ್ರಬಂಧ ಐಸಿನಲ್ಲಿಟ್ಟ ಬಂಗಡೆ ಮೀನು ಎಷ್ಟು ದಿನಕ್ಕೆ ಕೆಡುತ್ತದೆ ಎಂಬುದರ ಮೇಲಲ್ಲವೇ? ಅದರಲ್ಲಿ ಶನಿವಾರದ ಒಂದೊಂದು ಅಂಕಿಯೂ ನಿನ್ನ ಕೈಯದು. ಬೆರಳು ಸೆಟೆದುಹೋಗಿ ಪೆನ್ನು ಹಿಡಿಯಲಾಗದೆ ಬರೆದ ಅಂಕಿಗಳು. ನಾನು ಅವನ್ನು ದುಂಡಗೆ ಟೈಪು ಮಾಡಿದೆ.

ಕೃತಜ್ಞತೆಯ ಪುಟದಲ್ಲಿ ಮೊದಲು ನಿನ್ನ ಹೆಸರನ್ನೇ ಬರೆದಿದ್ದೆ. ಅಳತೆ ಎಲ್ಲ ವಿದ್ಯಾರ್ಥಿಯೇ ಮಾಡಿರಬೇಕು ಎಂದು ಗೈಡ್ ಹೇಳಿದ ಮೇಲೆ ಹೆದರಿಕೆಯಾಯಿತು. ನಿನ್ನ ಹೆಸರಿದ್ದರೆ ಇವಳು ಯಾರು, ಏನು ಮಾಡಿದಳು ಎಂದು ಕೇಳಬಹುದು. ಅಳಿಸಿದೆ. ಕಂಪನಿ ಇತ್ತು, ಮಾಬ್ಲೇಶ್ವರ ಸರ್ ಇದ್ದರು, ಮನೆಯಲ್ಲಿ ಒಂದು ದಿನ ಚಹಾ ಮಾಡಿಕೊಡದ ನನ್ನ ಗಂಡ ಭಾಸ್ಕರನೂ ಇದ್ದ. ನೀನು ಇರಲಿಲ್ಲ. ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಎಲ್ಲ ನೀವೇ ಮಾಡಿದ್ದೋ ಎಂದು ಕೇಳಿದರು. ಹೌದು ಸರ್ ಎಂದೆ.

ಪ್ರಬಂಧ ಬೈಂಡಾಗಿ ಬಂದ ದಿನ ನೀನು ಕೈ ಒರೆಸಿಕೊಂಡು ಬಂದು ತೆರೆದೆ. ಕೃತಜ್ಞತೆಯ ಪುಟದಲ್ಲೇ ನಿಂತೆ. ಒಂದು ಸಲ ಹಿಂದೆ ತಿರುಗಿಸಿ ಮತ್ತೆ ನೋಡಿದೆ. "ಚಂದ ಬಂದದೆ" ಎಂದು ಮೇಜಿನ ಮೇಲಿಟ್ಟು ಹೋದೆ. ಮುಂದಿನ ಸೋಮವಾರ ನಿನ್ನ ರಾಜೀನಾಮೆ ಬಂತು.

ನಾನು ಮಾಬ್ಲೇಶ್ವರ ಸರ್ ಹತ್ತಿರ ಆಡಿದ ಮಾತನ್ನು ಯಾರೋ ನಿನ್ನ ಕಿವಿಗೆ ಹಾಕಿದ್ದಾರೆ, ಅದಕ್ಕೇ ನೀನು ಹೋದೆ ಎಂದು ನನ್ನ ಅಂದಾಜು. ಬೇರೆಯವರ ಬಾಯಿಂದ ಕೇಳಿದ್ದನ್ನು ನನ್ನ ಬಾಯಿಂದಲೂ ಕೇಳಲಿ ಎಂದು ಬರೆದೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ಈಗ ನಾನು ಲ್ಯಾಬಿನ ಇನ್ಚಾರ್ಜು. ಬಾಗಿಲ ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಎಂ.ಎಸ್ಸಿ. ಆ ಬಾಗಿಲು ದೂಡುವಾಗಲೆಲ್ಲ ನಿನ್ನನ್ನು ದೂಡಿದಂತೆ ಆಗುತ್ತದೆ.

ಬೈದಾದರೂ ಒಂದು ಸಾಲು ಬರೆ.

ನಿನ್ನವಳು ಎಂದು ಬರೆಯಲು ಕೈ ಬಾರದ,
ನೀತಾ

ಮ.ಮ.: ಬುಧವಾರ. ಕಾಗದ ಇನ್ನೂ ನನ್ನ ಚೀಲದಲ್ಲೇ ಇದೆ. ಇಂದು ಧೈರ್ಯ ಮಾಡಿ ಮಾಬ್ಲೇಶ್ವರ ಸರ್ ಹತ್ತಿರ, ಅವಳಿಗೆ ಹೇಳಿದ್ದು ನೀವೇನಾ ಎಂದು ಕೇಳಿದೆ. "ಹೌದು, ನಾನೇಯ. ಈಗಲ್ಲ, ಪಟ್ಟಿ ಹಾಕ್ದ ದಿವ್ಸವೇ. ನನ್ನ ಎಂತಕೆ ಬಿಟ್ರಿ ಅಂತ ಕೇಳೂಕೆ ದಮಯಂತಿ ಬಂದಿತ್ತು. ನೀನು ಹೀಂಗೆ ಹೇಳ್ದೆ ಅಂತ ನಾನಂದೆ. ಆಮೇಲೆ, ಹೋಗ್ಲಿ ಸರ್, ಅವ್ಳಾದ್ರೂ ಓದ್ಲಿ, ನಂಗೆ ಗೊತ್ತದೆ ಅಂತ ಮಾತ್ರ ಅವ್ಳಿಗೆ ಹೇಳ್ಬೇಡಿ ಅಂತು" ಎಂದರು.

ಹಾಗಾದರೆ ನನ್ನನ್ನು ತಬ್ಬಿಕೊಂಡಾಗಲೂ ನಿನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿಯೂ. ಅಷ್ಟೂ ಶನಿವಾರ. ದಮಾ, ಅದಕ್ಕೆ ನೀನು ಹೋಗಲಿಲ್ಲ. ನಿನ್ನ ಹೆಸರಿಲ್ಲದ ಆ ಪುಟವನ್ನು ಹಿಂದೆ ತಿರುಗಿಸಿ ಮತ್ತೆ ನೋಡಿ, ಆಮೇಲೆ ಹೋದೆ.