ಕೂಗದ ಯಂತ್ರ

ಮಾರ್ಚ್ 14, ಗುರುವಾರ

ಇಂದು ಆಸ್ಪತ್ರೆಯಲ್ಲಿ ನಮ್ಮ ಯಂತ್ರ ಕೂಗಲಿಲ್ಲ. ಎಳೆಗೂಸಿನ ಉಸಿರು ನಿಂತರೆ ಕೂಗಬೇಕು, ಅಷ್ಟೇ ಅದರ ಕೆಲಸ. ನಾನೂ ತಮ್ಮನೂ ಕಂಪನಿ ಕಟ್ಟಿ ಆರು ವರ್ಷ ಸವೆಸಿದ್ದು ಅದಕ್ಕೇ. ಪರೀಕ್ಷೆಯ ಗೊಂಬೆಯ ಉಸಿರಾಟ ನಿಲ್ಲಿಸಿದರು. ಹತ್ತು ಸೆಕೆಂಡಾದರೂ ಸದ್ದೇ ಇಲ್ಲ. ಹಿಂದೆ ನಿಂತಿದ್ದ ತಮ್ಮ, ಯಂತ್ರವನ್ನು ದೂರದಿಂದಲೇ ಕೂಗಿಸುವ ಫೋನಿನ ಗುಂಡಿಯನ್ನು ಜೇಬಿನೊಳಗೇ ಒತ್ತಿದ. ಯಂತ್ರ ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಥೂ, ಹೇಗೆ ನಕ್ಕೆನೋ!

"ನಾಳೆಯಿಂದಲೇ ಮೂರು ಮಕ್ಕಳಿಗೆ ಹಾಕ್ತೀನಿ," ಎಂದರು ಹಿರಿಯ ನರ್ಸ್. "ರಾತ್ರಿ ಪಾಳಿಗೆ ನಾನೊಬ್ಬಳೇ. ಇನ್ಮೇಲೆ ಸ್ವಲ್ಪ ನಿರಾಳ."

ಕಾರಿನಲ್ಲಿ ತಮ್ಮ, "ಬಾಯಿ ಬಿಡಬೇಡ ಅಕ್ಕಾ. ವಾರದಲ್ಲಿ ಸರಿಮಾಡ್ತೀನಿ. ಈ ಆಸ್ಪತ್ರೆ ಕೈತಪ್ಪಿದ್ರೆ ಕಂಪನಿ ಮುಚ್ಚಬೇಕಾಗುತ್ತೆ," ಎಂದ. ಅದೂ ನಿಜವೇ.

ಸಂಜೆ ನರ್ಸ್‌ಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. 

"ಮೂವರು ತಾಯಂದಿರಿಗೂ ಆಗಲೇ ಹೇಳಿದ್ದೆನಲ್ಲಮ್ಮ, ಇನ್ನು ನೆಮ್ಮದಿಯಾಗಿ ಮಲಗಿ ಅಂತ," ಎಂದು ಅವರು ಫೋನಿಟ್ಟರು.

ತಮ್ಮನಿಗೆ ಇನ್ನೂ ಹೇಳಿಲ್ಲ. ಪಕ್ಕದ ಕೋಣೆಯಲ್ಲಿ ಯಂತ್ರ ಬಿಚ್ಚಿಕೊಂಡು ಕೂತಿದ್ದಾನೆ. ಈಗಷ್ಟೇ, "ಅಕ್ಕಾ, ತಪ್ಪು ಎಲ್ಲಿದೆ ಅಂತ ಗೊತ್ತಾಯ್ತು, ಬಾ!" ಎಂದು ಕೂಗಿದ. ಎಷ್ಟು ಖುಷಿ ಆ ದನಿಯಲ್ಲಿ. ಎದ್ದು ಹೋಗಬೇಕು. ಹೋಗಿ ಅವನ ಮುಖ ನೋಡಿಕೊಂಡು ಹೇಗೆ ಹೇಳಲಿ?