ನಾನೇ ಕೈ ಎತ್ತಿ ಕೊಟ್ಟ ನೆರಳು

ಮಂಡ್ಯ,
ಫೆಬ್ರವರಿ ಮೂವತ್ತು, ೨೧೯೪

ಇಂಚರ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮರಿಮಗಳು ಕೆಂಪಾಂಬೆ ಮಾಡುವ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಆ ತಿಂಗಳಿಗೆ ಅನ್ಯಾಯವಾಗಿದೆ ಎಂದು ನಮ್ಮ ಕಾಲದವರು ಸರಿಪಡಿಸಿದ್ದಾರೆ. ಎಲ್ಲವನ್ನೂ ಸರಿಸಮ ಮಾಡುವ ಹುಚ್ಚು ಇವರಿಗೆ. ಈ ಪತ್ರ ಕೈಸೇರುವಾಗ ನೀವು ಶಾಲೆಯ ಮೈದಾನದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹದಿನಾರರ ಹುಡುಗಿ. ಅಜ್ಜಿ ಅಂದಿದ್ದಕ್ಕೆ ಮುನಿಸಿಕೊಳ್ಳಬೇಡಿ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ಒಳ್ಳೆಯ ಮಾತು ಹುಡುಕುವ ತಾಳ್ಮೆ ನನಗೀಗ ಇಲ್ಲ. ನನ್ನನ್ನು ಮಂಡ್ಯ ತಂಡದಿಂದ ಕೊಟ್ಟುಬಿಟ್ಟರು ಅಜ್ಜಿ! ಹಳೇ ಪಾತ್ರೆ ಹಾಕಿ ಹೊಸದು ತರುತ್ತಾರಲ್ಲ, ಹಾಗೆ.

ನಾನೂ ನಿಮ್ಮ ಆಟದವಳೇ, ಈ ತಂಡದ ನಾಯಕಿ, ಈ ಊರಿನ ಮನೆಮಗಳು. ಹೊತ್ತೇರಿದ ಮೇಲೆ ಬಯಲಲ್ಲಿ ನಿಲ್ಲಲಾಗದ್ದರಿಂದ ನಮ್ಮ ಪಂದ್ಯಗಳು ಬೆಳಕು ಹರಿಯುವಷ್ಟರಲ್ಲಿ ಮುಗಿಯುತ್ತವೆ. ಅಂಗಿಗಳು ಕಬ್ಬಿನ ಸಿಪ್ಪೆಯ ನೂಲಿನವು. ಹೊಸದರಲ್ಲಿ ಮೈ ತುರಿಸುತ್ತದೆ, ನಾಲ್ಕು ಪಂದ್ಯ ಬೆವರು ಕುಡಿದ ಮೇಲೆ ಹತ್ತಿಯಂತಾಗುತ್ತದೆ. ಗೆದ್ದ ದಿನ ಮೈದಾನದ ಅಂಚಿನಲ್ಲೇ ಬಿಸಿ ಮುದ್ದೆ ಬಡಿಸುತ್ತಾರೆ. ಮುದ್ದೆಯೊಂದು ಬದಲಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಪೇಟೆಯ ಸೊಪ್ಪಿನವಳು ಕಳೆದ ಪಂದ್ಯದ ಮಾತು ತೆಗೆಯದೆ ನನಗೆ ಒಂದು ಕಟ್ಟು ಸೊಪ್ಪನ್ನೂ ಕೊಟ್ಟವಳಲ್ಲ. ಈ ಊರು ಬಿಟ್ಟು ಇನ್ನೊಂದು ಊರಿಗೆ ಆಡುವುದು ನನ್ನ ಕನಸಿನಲ್ಲೂ ಇರಲಿಲ್ಲ.

ಹಿಂದಿನ ವರ್ಷ ಕಡೆಯಲ್ಲಿ ನಿಂತ ತಂಡಕ್ಕೆ ಹೊಸ ಆಟಗಾರರಲ್ಲಿ ಬೇಕಾದವರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ಹಕ್ಕಿದೆ. ನಿಮ್ಮ ಕಾಲದಲ್ಲಿ ದೂರದೇಶದಲ್ಲಿದ್ದ ಪದ್ಧತಿ ಅದು. ಈ ಸಲ ಆ ಹಕ್ಕು ಕಲಬುರಗಿಯದು. ಅವರ ಪಾಲಿಗೆ ಬಂದವಳು ನೀಲಾಂಬಿಕೆ, ಇನ್ನೂ ಹದಿನೇಳು. ಅವಳು ಜಿಗಿದರೆ ನೆಲಕ್ಕೆ ಬರುವುದನ್ನೇ ಮರೆಯುತ್ತಾಳೆ ಎಂದು ಊರೂರೇ ಮಾತಾಡಿಕೊಳ್ಳುತ್ತಿತ್ತು. ಅಂಥವಳನ್ನು ಕಲಬುರಗಿಯವರು ನಮಗೆ ಕೊಡಲು ಮುಂದಾದರು. ಬದಲಿಗೆ ನಮ್ಮ ತಂಡದ ಒಂದು ನೆರಳನ್ನು ಕೇಳಿದರು.

ನೆರಳು ಎಂದರೆ ಇಷ್ಟೇ. ಅದಲುಬದಲಿನಲ್ಲಿ ನೆಂಟಸ್ತಿಕೆ, ಜಾತಿ, ಹೆಸರಿನ ಮೋಹ ಯಾವುದೂ ನುಸುಳಬಾರದೆಂದು ಹೊಸಬರನ್ನು ಬಿಟ್ಟು ಉಳಿದ ಆಟಗಾರರ ಮುಖ, ಬಣ್ಣ, ಎತ್ತರ ಎಲ್ಲ ಅಳಿಸಿ, ಆಟವನ್ನು ಮಾತ್ರ ಕಪ್ಪು ನೆರಳಾಗಿ ಗೋಡೆಯ ಮೇಲೆ ಆಡಿಸುತ್ತಾರೆ. ಬೇಕೆಂದು ಕೇಳುವವರು ಇಡೀ ತಂಡದ ನೆರಳುಗಳನ್ನು ಒಟ್ಟಿಗೆ ನೋಡಬಹುದು. ಕೊಡುವವರಿಗೆ ಕೇಳಿದ ಆ ಒಂದು ನೆರಳು ಮಾತ್ರ. ಕೊಡುವುದೋ ಬೇಡವೋ ಎಂದು ತಂಡದ ಸಭೆ ಕೈ ಎತ್ತಿ ಮುಗಿಯುವವರೆಗೆ ಹೆಸರು ನೆರಳಾಡಿಸುವ ಯಂತ್ರದ ಹೊಟ್ಟೆಯಲ್ಲೇ ಇರುತ್ತದೆ. ಆಮೇಲೆ ಮಾತು ಹಿಂದೆಗೆಯುವಂತಿಲ್ಲ.

ನಾಯಕಿಯಾದ್ದರಿಂದ ಆ ಸಭೆಯಲ್ಲಿ ನನಗೂ ಒಂದು ಕೈ ಇತ್ತು. ಗೋಡೆಯ ಮೇಲೆ ನೆರಳು ಬಂತು. ಚೆಂಡು ಹಿಡಿದು ನಿಂತಿತು, ತಡ ಮಾಡಿತು, ಆಮೇಲೆ ತಿರುಗಿತು. ಪ್ರತಿ ಸಲವೂ ಅದೇ ತಡ. ಬೆಂಚಿನ ಮೇಲೆ ಕೂರುವ ಯಾರದೋ ನೆರಳು ಎಂದುಕೊಂಡೆ. ಇದನ್ನು ಕೊಟ್ಟು ಆ ಹುಡುಗಿಯನ್ನು ತಂದರೆ ಮುಂದಿನ ವರ್ಷ ಗೆಲುವಿನ ಕಪ್ ನನ್ನ ಕೈಯಲ್ಲೇ ಎಂಬ ಆಸೆಗೆ ಬಾಯಿ ನಿಲ್ಲಲಿಲ್ಲ.

"ಇದೇನ್ರಪ್ಪಾ, ತಿರುಗೋಕೂ ಮುಹೂರ್ತ ನೋಡ್ತದಲ್ಲ ಇದು. ಕೊಟ್ಟು ಕೈ ತೊಳ್ಕಳಿ" ಅಂದೆ. ಎಲ್ಲರೂ ನಕ್ಕರು. ಮೊದಲು ಎದ್ದ ಕೈ ನನ್ನದು.

ಗೋಡೆಯ ಮೇಲೆ ಕೆಂಪಾಂಬೆ ಎಂಬ ಹೆಸರು ಮೂಡಿತು.

ನಮ್ಮ ತರಬೇತುದಾರ ಬೋರಲಿಂಗಯ್ಯನವರು ನನಗೆ ಚೆಂಡು ಹಿಡಿಯಲು ಕಲಿಸಿದವರು. ಅವರೂ ನನ್ನನ್ನು ಗುರುತಿಸಿರಲಿಲ್ಲ. ಯಂತ್ರ ಕೆಟ್ಟಿದೆ, ಇನ್ನೊಮ್ಮೆ ಆಡಿಸಿ ಎಂದು ಕೂಗಾಡಿದೆ. ಆಡಿಸಿದರು. ಈ ಸಲ ಗುರುತು ಸಿಕ್ಕಿತು. ನನ್ನದೇ ಭುಜ, ನನ್ನದೇ ಮಂಡಿ. ದಿನಾ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತೇನೆ, ನನ್ನ ಆಟ ಹೇಗಿದೆಯೆಂದು ನನಗೇ ಗೊತ್ತಿರಲಿಲ್ಲ. ಬೋರಲಿಂಗಯ್ಯನವರು ಕಣ್ಣೊರೆಸಿಕೊಂಡು ಅಂದರು: "ನೀನೇ ಅಲ್ವೇನವ್ವಾ ಮೊದ್ಲು ಕೈ ಎತ್ತಿದ್ದು."

ಹೋಗುವವರು ಬರುವವರಿಗೆ ತಮ್ಮ ಅಂಗಿಯನ್ನು ತಾವೇ ತೊಡಿಸಬೇಕು, ಅದು ಇಲ್ಲಿಯ ಸಂಪ್ರದಾಯ. ಇಂದು ಬೆಳಿಗ್ಗೆ ಮೈದಾನದ ನಡುವೆ, ಹತ್ತಿಯಂತಾಗಿದ್ದ ನನ್ನ ಅಂಗಿಯನ್ನು ನೀಲಾಂಬಿಕೆಯ ತಲೆಗೆ ಹಾಕಿ ಕೆಳಗೆಳೆದೆ. ಕಾಲರ್ ಸರಿಪಡಿಸುವಾಗ ಹುಡುಗಿ ಬಿಕ್ಕುತ್ತಿದ್ದಳು. "ಅಕ್ಕಾ, ನಿಮ್ ಜೋಡಿ ಆಡ್ಲಾಕ್ ಸಿಗ್ತದಂತ ನಾ ಇಲ್ಲಿಗಿ ಬಂದೀನಿ. ನೀವೇ ಹೊಂಟ್ರಿ?" ಅಂದಳು. ಬದಲಿಗೆ ಯಾರು ಹೋಗುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಭಾಗ್ಯವೂ ಇಲ್ಲದಾಯಿತು.

ಮನೆಗೆ ಬಂದವಳೇ ನಿಮಗೆ ಎಚ್ಚರಿಕೆ ಬರೆಯಲು ಕೂತೆ. ನ್ಯಾಯದ ಹೆಸರಲ್ಲಿ ಆಟಗಾರರ ಮುಖ ಅಳಿಸಲು ಯಾರಾದರೂ ಬಂದರೆ ಒಪ್ಪಬೇಡಿ, ಜಗಳಕ್ಕೆ ನಿಲ್ಲಿ ಎಂದು. ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಕಲಬುರಗಿ ತಂಡದ ಹಿರಿಯಳು ಗುರುಬಾಯಿ ಬಾಗಿಲಿಗೆ ಬಂದಳು. ಕುಳಿತುಕೋ ಎಂದೂ ಹೇಳದೆ ಕೇಳಿದೆ: ಅಂಥ ಚಿನ್ನದಂಥ ಹುಡುಗಿಯನ್ನು ಬಿಟ್ಟು, ಆ ಮಂದ ನೆರಳನ್ನು ಯಾಕೆ ಕೇಳಿದಿರಿ? ಅದು ಯಾರದೆಂದು ಅವರಿಗೂ ಗೊತ್ತಿರಲಿಲ್ಲವಂತೆ. ಹೆಸರು ಕೇಳಿ ಅವರೂ ಬೆಚ್ಚಿಬಿದ್ದರಂತೆ.

"ನಾವು ಎಲ್ಲಾ ನೆರಳು ಕೂಡೇ ನೋಡಿದ್ವಿರಿ," ಅಂದಳು. "ಆ ನೆರಳು ತಡಾ ಮಾಡ್ತದ ಖರೆ. ತನ್ನ ಜೋಡಿ ಆಡೋ ಮಂದಿ ಎಲ್ಲೆಲ್ಲಿ ಅದಾರಂತ ನೋಡೇ ತಿರುಗ್ತದ. ಅದಕ್ಕೇ ತಡಾ."

ಅಜ್ಜಿ, ನನ್ನ ಹೆಸರು ತಿಳಿಯದೆ ನನ್ನನ್ನು ಬೇಕು ಅಂದವರು ಇವರೇ ಮೊದಲು. ಹೆಸರು ತಿಳಿಯದೆ ಬೇಡ ಅಂದವಳು ನಾನೇ. ಎಚ್ಚರಿಕೆಯನ್ನು ಪೂರ್ತಿ ಮಾಡಲಾರೆ. ಗುರುಬಾಯಿ ನನ್ನ ಗಂಟನ್ನು ಎತ್ತಿಕೊಂಡು ಹೊರಗೆ ನಿಂತಿದ್ದಾಳೆ. ಒಂದೇ ಕೋರಿಕೆ: ನಿಮ್ಮ ಮೈದಾನದಲ್ಲಿ ಚೆಂಡು ಹಿಡಿದು ತಡ ಮಾಡುವ ಹುಡುಗಿ ಕಂಡರೆ, ನಗುವ ಮುಂಚೆ ಅವಳು ಯಾರನ್ನು ನೋಡುತ್ತಿದ್ದಾಳೆ ಎಂದು ಒಮ್ಮೆ ನೋಡಿ.

ನಿಮ್ಮವಳು,
ಕೆಂಪಾಂಬೆ